ನುಂಗದೆ ಉಳಿದ ಮಾತ್ರೆಗಳು

ಮದುವೆಯಾಗಿ ಕೊಯಮತ್ತೂರಿನ ಬಳಿಯ ಸೋಮನೂರಿಗೆ, ಕನ್ನಡ ಮಾತಾಡುವ ನೇಕಾರರ ಮನೆಗೆ ಬಂದಾಗ ನನ್ನ ಕರುಳಿನ ಕಾಯಿಲೆಗೆ ಎರಡು ವರ್ಷ. ದೊಡ್ಡ ಕರುಳಿನಲ್ಲಿ ಹುಣ್ಣು, ರಕ್ತ ಬೆರೆತ ಭೇದಿ. ಮಾತ್ರೆಯಿಂದ ಹತೋಟಿಗೆ ಬಂದಿತ್ತು. ಹುಷಾರಾಗಿದ್ದಾಗಲೂ ದಿನಕ್ಕೆರಡು ಹೊತ್ತು ನುಂಗುತ್ತಲೇ ಇರಬೇಕೆಂದು ಕೊಯಮತ್ತೂರಿನ ಡಾಕ್ಟರಮ್ಮ ಹೇಳಿದ್ದರು. ನನ್ನ ಗಂಡನಿಗೆ ಎಲ್ಲ ಗೊತ್ತಿತ್ತು. ಅತ್ತೆಗೆ ಹೇಳಬೇಡ ಎಂದು ನನ್ನಮ್ಮ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು.

ಮನೆಗೂ ಮಗ್ಗದ ಶೆಡ್ಡಿಗೂ ಒಂದೇ ಗೋಡೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಯಾವಾಗಲೂ ಮನೆಯವರೋ ಮಗ್ಗದ ಆಳುಗಳೋ ಇರುತ್ತಿದ್ದರು. ಅಷ್ಟು ದಪ್ಪ ಮಾತ್ರೆಯನ್ನು ಯಾರ ಕಣ್ಣಿಗೂ ಬೀಳದೆ ನುಂಗುವುದು ಹೇಗೆ? ಬೆಳಗಿನದನ್ನು ಬಿಟ್ಟೆ. ಏನೂ ಆಗಲಿಲ್ಲ. ವಾರ ಕಳೆಯಿತು, ಆಗಲೂ ಏನೂ ಆಗಲಿಲ್ಲ. ಆಮೇಲೊಂದು ದಿನ ನಾದಿನಿ ಯಾರದೋ ಸುದ್ದಿ ಹೇಳುತ್ತಾ, “ಮಾತ್ರೆ ತಿಂದು ತಿಂದೇ ಅವಳಿಗೆ ಮಗು ನಿಲ್ಲಲಿಲ್ಲ” ಎಂದಳು. ಅಂದಿನಿಂದ ಸಂಜೆಯದೂ ನಿಂತಿತು. “ಮಾತ್ರೆ ಆಯ್ತಾ?” ಎಂದು ಗಂಡ ಕೇಳಿದಾಗಲೆಲ್ಲ ಹೂಂ ಎನ್ನುತ್ತಿದ್ದೆ.

ಮೂರನೆಯ ತಿಂಗಳು ರಕ್ತ ಮತ್ತೆ ಕಾಣಿಸಿತು. ಆಗಲೂ ಬಾಯಿ ಬಿಡಲಿಲ್ಲ. ಅಷ್ಟರಲ್ಲೇ ಕೊಯಮತ್ತೂರಿನಲ್ಲಿ ನೆಂಟರ ಮನೆಯ ಸೀಮಂತ ಬಂತು. ಅತ್ತೆಯ ಜೊತೆ ಬಸ್ಸು ಹತ್ತಿದೆ. ಬೆಳಿಗ್ಗೆಯಿಂದ ನೀರನ್ನೂ ಮುಟ್ಟಿರಲಿಲ್ಲ. ಆದರೂ ಅರ್ಧ ದಾರಿಯ ಸೂಲೂರು ಇನ್ನೂ ದೂರವಿರುವಾಗಲೇ ಹೊಟ್ಟೆ ಹಿಂಡತೊಡಗಿತು. ನಿಂತವರ ನಡುವೆ ಅಲುಗಾಡಲು ಜಾಗವಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು ಉಸಿರು ಬಿಗಿಹಿಡಿದೆ. ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು.

“ಏನ್ ಕಣ್ಣು, ಮುಖ ಯಾಕ್ ಹಿಂಗಾಗ್ಯದೆ?” ಎಂದರು ಅತ್ತೆ. ಪ್ರೀತಿ ಬಂದಾಗ ಅವರು ನನ್ನನ್ನು ತಮಿಳರಂತೆ ಕಣ್ಣು ಎನ್ನುತ್ತಿದ್ದರು.

“ಇಳೀಬೇಕು ಅತ್ತೆ. ಈಗ್ಲೇ.”

ಅತ್ತೆ ಕೂಡಲೇ ಕಂಡಕ್ಟರನಿಗೆ ತಮಿಳಿನಲ್ಲಿ ಕೂಗಿ ಬಸ್ಸು ನಿಲ್ಲಿಸಿದರು. ರಸ್ತೆ ಬದಿಯ ಮಿಲ್ಲೊಂದರ ಕಾವಲುಗಾರನನ್ನು ಬೇಡಿಕೊಂಡು ಹೆಣ್ಣಾಳುಗಳ ಕಕ್ಕಸಿಗೆ ನನ್ನನ್ನು ಕರೆದೊಯ್ದರು. ಬಾಗಿಲಿಗೆ ಹತ್ತೇ ಹೆಜ್ಜೆ ಇರುವಾಗ ತಡೆಯಲಾಗಲಿಲ್ಲ. ಸೀರೆಯ ಮೇಲಿನ ರಕ್ತ ನೋಡಿ ಅತ್ತೆ ಗೋಡೆ ಹಿಡಿದುಕೊಂಡರು.

“ಮಗುವಾ?” ಎಂದರು, ಸಣ್ಣ ದನಿಯಲ್ಲಿ.

ಅಲ್ಲ ಎಂದು ತಲೆಯಾಡಿಸಿದೆ. “ಹಳೇ ಕಾಯಿಲೆ. ಕೊಯಮತ್ತೂರಲ್ಲಿ ಡಾಕ್ಟರು ಅವ್ರೆ.”

ಸೀರೆ ತೊಳೆದುಕೊಂಡು, ಆಟೋ ಹಿಡಿದು ನೇರ ಅಲ್ಲಿಗೇ ಹೋದೆವು. ಡಾಕ್ಟರಮ್ಮನ ಎದುರು ಅತ್ತೆ ನನ್ನ ಪಕ್ಕದಲ್ಲೇ ಕುಳಿತರು. “ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?” ಎಂದಾಗ ಅಭ್ಯಾಸದಂತೆ ಹೂಂ ಎಂದೆ. ಹಾಗಾದರೆ ಈ ಔಷಧ ಕೆಲಸ ಮಾಡುತ್ತಿಲ್ಲ, ಇನ್ನೂ ಜೋರಾದದ್ದನ್ನು ಶುರುಮಾಡಬೇಕು ಎಂದು ಅವರು ಬರೆಯಲು ಪೆನ್ನು ತೆಗೆದರು. ನಾನು ಆ ಪೆನ್ನನ್ನೇ ನೋಡುತ್ತಿದ್ದೆ.

“ಇಲ್ಲ. ಮೂರು ತಿಂಗಳಿಂದ ತಗೊಂಡಿಲ್ಲ” ಎಂದೆ.

ಡಾಕ್ಟರಮ್ಮ ಬೈಯಲಿಲ್ಲ. ಯಾಕೆ ಎಂದು ಕೇಳಿ ಕಾದರು. ಅಡುಗೆಮನೆ, ನಾದಿನಿಯ ಮಾತು, ಅಮ್ಮನಿಗೆ ಕೊಟ್ಟ ಮಾತು, ಎಲ್ಲ ಹೇಳಿದೆ. ಈ ಮಾತ್ರೆ ಬಸಿರಿಗೆ ಅಡ್ಡಿಯಲ್ಲ, ಕಾಯಿಲೆ ಕೆರಳಿದಾಗಲೇ ಕಷ್ಟ ಎಂದು ಅವರು ನನಗಿಂತ ಹೆಚ್ಚಾಗಿ ಅತ್ತೆಗೆ ವಿವರಿಸಿದರು.

ಹೊರಗೆ ಬಂದ ಮೇಲೆ ಅತ್ತೆ ಸಿಡಿದರು. “ಇಷ್ಟು ದಿನ ಒಂದೇ ಒಲೆಲಿ ಬೇಯ್ಸಿ ತಿಂದಿದೀವಿ. ನಾನೇನು ನಿನ್ನ ನುಂಗ್ತಿದ್ನಾ?” ಅಳು ಬಂದು ಮುಖ ತಿರುಗಿಸಿಕೊಂಡರು. ಸೀಮಂತಕ್ಕೆ ನಾವು ಹೋಗಲೇ ಇಲ್ಲ.

ಅದೇ ಮಾತ್ರೆ ಮತ್ತೆ ಶುರುಮಾಡಿದ ಮೇಲೂ ರಕ್ತ ನಿಲ್ಲಲು ಎರಡು ತಿಂಗಳು ಹಿಡಿಯಿತು. ಈಗ ನನಗೊಬ್ಬಳು ಮಗಳು. ಬೆಳಿಗ್ಗೆ ಅತ್ತೆಯೇ ಲೋಟದಲ್ಲಿ ನೀರು ತಂದು, ನಾನು ನುಂಗುವವರೆಗೂ ನಿಂತಿರುತ್ತಾರೆ. ನೆಂಟರು ಯಾರಾದರೂ ಏನದು ಎಂದರೆ ಮಾತ್ರ, “ಶಕ್ತಿ ಮಾತ್ರೆ” ಎನ್ನುತ್ತಾರೆ. ನಾನೂ ಅದನ್ನು ತಿದ್ದಲು ಹೋಗುವುದಿಲ್ಲ.