ಹಳದಿ ಇರುವೆಗಳ ದಿಬ್ಬ

ಫ್ರೀಸ್‌ಲಾಂಡಿನ ಕಡಲ ಒಡ್ಡಿನ ಮೇಲೆ ಕುರಿ ಕಾಯುತ್ತಿದ್ದ ಹಿಸ್ಕೆಗೆ ಮದುವೆಯಾಗಿರಲಿಲ್ಲ. ಅದರ ಕೊರಗೂ ಇರಲಿಲ್ಲ. ಒಡ್ಡಿನಾಚೆಯ ಜೌಗು ಹುಲ್ಲುಗಾವಲಿನಲ್ಲಿ ಮಂಡಿಯೂರಿ ಇರುವೆ, ಜೇಡಗಳನ್ನು ನೋಡುತ್ತಿದ್ದರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಎತ್ತರದ ಅಂಚಿನಲ್ಲಿ ಹಳದಿ ಇರುವೆಗಳ ದಿಬ್ಬಗಳು, ನಡುವೆ ಕೆಂಪಿರುವೆ, ಕೆಳಗೆ ಉಬ್ಬರ ನುಗ್ಗುವ ಕಡೆ ಬಗೆಬಗೆಯ ಜೇಡಗಳು. ಅವಳ ಈ ಹುಚ್ಚಿಗೆ ಊರೆಲ್ಲ ನಗುತ್ತಿತ್ತು. ನಗದವನು ವೋಪ್ಕೆ ಒಬ್ಬನೇ. ಚಿಕ್ಕಂದಿನಲ್ಲಿ ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಅವಳ ಕೈಹಿಡಿದು ಜಾರಲು ಕಲಿಸಿದವನು. ಈಗ ಊರಸಭೆಯ ಸದಸ್ಯ.

ಆ ಬೇಸಗೆಯಲ್ಲಿ ಅವನು ಭಾನುವಾರಗಳಂದು ಅವಳೊಡನೆ ಜೌಗಿಗೆ ಬರತೊಡಗಿದ. ಹಿಸ್ಕೆ ಅವನಿಗೆಂದೇ ಸಕ್ಕರೆ ಹರಳಿನ ಬ್ರೆಡ್ಡು ಸುಟ್ಟು ತರುತ್ತಿದ್ದಳು.

ನೀರಿಳಿದ ಕೆಸರಿನಲ್ಲಿ ಮುದುಡಿ ಬಿದ್ದಿದ್ದ ಜೇಡವೊಂದನ್ನು ಕಂಡು, "ಇದು ಸತ್ತೇ ಹೋಗಿದೆಯಲ್ಲೇ" ಎಂದ.

"ಸತ್ತಿಲ್ಲ ಕಣೋ. ನೀನು ಸಭೇಲಿ ಮಾಡ್ತೀಯಲ್ಲ, ಹಾಗೆ ಮಲಗಿದೆ. ಸ್ವಲ್ಪ ತಡಿ, ಏಳತ್ತೆ."

ಎದ್ದು ಓಡಿತು. ವೋಪ್ಕೆ ಮಗುವಿನಂತೆ ಬೆರಗಾದ.

ಮೇಲಿನ ಅಂಚಿಗೆ ಹತ್ತಿ ಬಂದಾಗ ಒಂದು ದಿಬ್ಬ ತೋರಿಸಿ ಕೇಳಿದ, "ಈ ಹಳದಿ ಇರುವೆಗಳಿಗೆ ನೀರಿನ ಭಯ ಇಲ್ವಾ?"

"ಉಬ್ಬರ ಬರೋ ಕಡೆ ಇವು ಮನೆ ಕಟ್ಟಲ್ಲ. ಚಳಿಗಾಲದ ಬಿರುಗಾಳೀಲಿ ಮಾತ್ರ ನೀರು ಹತ್ತಿರ ಬರತ್ತೆ. ಆಗ ಕೆಳಗಿನ ಜೇಡಗಳೆಲ್ಲ ಈ ದಿಬ್ಬ ಹತ್ತಿ ಜೀವ ಉಳಿಸ್ಕೊಳ್ತವೆ."

ಶರತ್ಕಾಲದಲ್ಲಿ, ಒಡ್ಡಿನಾಚೆ ಪ್ರವಾಸಿಗರ ಕ್ಯಾರವಾನುಗಳಿಗೆ ಜಾಗ ಮಾಡುವ ಮಾತು ಊರಸಭೆಗೆ ಬಂತು. ಉಬ್ಬರದ ನೀರು ಬರುವ ಜೌಗುನೆಲವಾದರೆ ಅದಕ್ಕೆ ಕಾನೂನಿನ ಅಪ್ಪಣೆಯಿಲ್ಲ. ವೋಪ್ಕೆ ಮಾತಿಗೆ ಎದ್ದಾಗ, ಊರವರ ನಡುವೆ ಕೂತಿದ್ದ ಹಿಸ್ಕೆಯ ಎದೆ ಹಗುರಾಯಿತು.

"ಮೇಲಿನ ಅಂಚು ಜೌಗೇ ಅಲ್ಲ," ಎಂದ ಅವನು. "ಅಲ್ಲಿ ಹಳದಿ ಇರುವೆಗಳಿವೆ. ಅವು ಇರೋ ಕಡೆ ಉಬ್ಬರ ಬರಲ್ಲ. ಇದು ನನ್ನ ಮಾತಲ್ಲ, ನಮ್ಮ ಹಿಸ್ಕೇದು. ಹೇಳೇ, ನಾನು ಹೇಳಿದ್ದು ಸುಳ್ಳಾ?"

ಊರು ಮೊದಲ ಬಾರಿಗೆ ಅವಳತ್ತ ಗೌರವದಿಂದ ತಿರುಗಿತು. ಒಂದು ಸುಳ್ಳು ಹೇಳಿದ್ದರೆ ಆ ದಿಬ್ಬಗಳು ಉಳಿಯುತ್ತಿದ್ದವು. ಹಿಸ್ಕೆಯ ಬಾಯಿಗೆ ಅದು ಬರಲಿಲ್ಲ.

"ಸುಳ್ಳಲ್ಲ. ಆದ್ರೆ ಬಿರುಗಾಳಿ ದಿನ ಜೇಡಗಳು..."

ಜೇಡಗಳೆಂದೊಡನೆ ಸಭೆ ನಕ್ಕಿತು. ವೋಪ್ಕೆಯೂ ನಕ್ಕ. ಕೈಗಳು ಮೇಲೆದ್ದವು, ಗೊತ್ತುವಳಿ ಆಯಿತು.

ಬಾಗಿಲ ಬಳಿ ಅವನು ಅವಳ ಕೋಟನ್ನು ಹಿಡಿದು ನಿಂತಿದ್ದ. "ಬೇಜಾರೇನೇ? ಊರಿಗೆ ಒಳ್ಳೇದಾಗತ್ತೆ. ನೀನು ನಿಜಾನೇ ಹೇಳಿದ್ದು."

"ಜೌಗಲ್ಲಿ ಅದನ್ನ ನಿಂಗೆ ಅಂತ ಹೇಳಿದ್ದೆ ಕಣೋ," ಎಂದಳು ಹಿಸ್ಕೆ.

ಕೋಟನ್ನು ಅವನ ಕೈಯಿಂದ ತೆಗೆದುಕೊಂಡು, ತೊಡದೆ, ತೋಳಿನ ಮೇಲೆ ಹಾಕಿಕೊಂಡೇ ಚಳಿಗಾಳಿಗೆ ಇಳಿದು ನಡೆದಳು.