ಅತ್ತೆಯ ರೊಟ್ಟಿ, ಎದುರಂಗಡಿಯ ಭಾಕರಿ

ರೊಟ್ಟಿಯನ್ನು ಎಣಿಸಿ, ಕಾಗದದಲ್ಲಿ ಸುತ್ತಿ ಮಾರುವುದನ್ನು ನಾನು ಮೊದಲು ಕಂಡದ್ದು ಮರಾಠಿ ಸೀಮೆಯ ಡೊಂಬಿವಲಿಯಲ್ಲಿ. ಸಿಂದಗಿ ಕಡೆಯ ನಮ್ಮ ಹಳ್ಳಿಯಲ್ಲಿ ಹಸಿದು ಬಂದವರಿಗೆ ರೊಟ್ಟಿ ಕೊಟ್ಟು ದುಡ್ಡು ಕೇಳಿದರೆ ಊರೇ ಮುಖಕ್ಕೆ ಉಗಿಯುತ್ತದೆ. ಇಲ್ಲಿ ನನ್ನ ಸ್ವಂತ ಸೋದರತ್ತೆ ಶಾಂತಾಬಾಯಿ ಗಲ್ಲಿಯ ಬಾಯಲ್ಲಿ ಕೂತು ಅದನ್ನೇ ಮಾರುತ್ತಿದ್ದಳು. ನನಗೆ ನಾಚಿಕೆಯಾಯಿತು, ಅತ್ತೆಗೆ ನಗು ಬಂತು.

"ನಿನ್ನ ಕಾಲೇಜ ಫೀ ಈ ಹಂಚಿನ ಮ್ಯಾಲಿಂದನ ಬರ್ತೈತಿ ಯವ್ವಾ. ನಾಚಿಕಿ ಬಿಟ್ಟು ಹಿಟ್ಟ ನಾದು," ಎಂದಳು.

ನಾನು ಬಂದದ್ದು ಠಾಣೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದಲು. ಊರಿನ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದರೆ ಸೀಟು ನಮ್ಮದು. ಇಲ್ಲಿನ ಲೋಕಲ್ ರೈಲಿನಲ್ಲಿ, ಕೂತವರನ್ನು "ಕುಠೇ ಉತರಣಾರ?" ಅಂದರೆ ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಅವರ ಸೀಟನ್ನು ಮೊದಲೇ ಹಿಡಿದಿಡಬೇಕು. ಇದನ್ನು ಕಲಿಯಲು ಮೂರು ತಿಂಗಳು ಬೇಕಾಯಿತು. ದಿವಾ ಸ್ಟೇಷನ್ನಿನಲ್ಲಿ ಮೊದಲ ಸಲ ಸೀಟು ಸಿಕ್ಕಾಗ ಠಾಣೆ ಹತ್ತಿರವೇ ಬಂದಿತ್ತು, ಆದರೂ ಮಹಾರಾಣಿಯಂತೆ ಕೂತೆ.

ಆ ಸೆಮಿಸ್ಟರಿನಲ್ಲಿ ನನಗೆ ಹುಚ್ಚು ಹಿಡಿಸಿದ್ದು, ಮಾರುಕಟ್ಟೆಯಲ್ಲಿ ಸಂಸ್ಥೆಗಳು ಹೇಗೆ ಪೈಪೋಟಿ ನಡೆಸುತ್ತವೆ ಎಂಬ ಪಾಠ. ಸರಿಯಾಗಿ ಆಗಲೇ ಸುರೇಖಾತಾಯಿ ಎಂಬ ಮರಾಠಿ ಹೆಂಗಸು ಅತ್ತೆಯ ಎದುರಿಗೇ ಭಾಕರಿ ಅಂಗಡಿ ತೆರೆದರು. ಜೋಳದ ರೊಟ್ಟಿಗೆ ಇಲ್ಲಿನವರು ಭಾಕರಿ ಎನ್ನುತ್ತಾರೆ. ಬೆಲೆ ನಮ್ಮದಕ್ಕಿಂತ ಕಡಿಮೆ. ಅತ್ತೆಯ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಅಂಗಡಿ ಮುಚ್ಚಿದರೆ ಅತ್ತೆ ಮತ್ತೆ ಮಂದಿ ಮನೆಯ ಪಾತ್ರೆ ತಿಕ್ಕಬೇಕು, ನಾನು ಓದು ಬಿಟ್ಟು ಗಂಟುಮೂಟೆ ಕಟ್ಟಬೇಕು.

ಪುಸ್ತಕ ತೆರೆದೆ. ಇಬ್ಬರು ಒಂದೇ ಸರಕು ಮಾರುತ್ತಿದ್ದರೆ ಗಿರಾಕಿ ಅಗ್ಗದ ಕಡೆಗೇ ಹೋಗುತ್ತಾನೆ ಎಂದಿತ್ತು. "ಅತ್ತಿ, ರೇಟ್ ಇಳಸು," ಎಂದೆ. ಇಳಿಸಿದಳು. ಎದುರಿನವರೂ ಇಳಿಸಿದರು. ಅತ್ತೆ ಇನ್ನೂ ಇಳಿಸಿದಳು. ವಾರದೊಳಗೆ ಅವಳ ಭುಜ ಹಿಡಿದುಕೊಂಡಿತು, ಹಿಟ್ಟಿನ ಖರ್ಚೂ ಹುಟ್ಟಲಿಲ್ಲ.

"ನಿನ್ನ ಪುಸ್ತಕಾ ಬರದಾಂವ ಯಾವಾಗರ ರೊಟ್ಟಿ ಬಡದಾನೇನ?" ಎಂದು ಕೇಳಿದಳು. ಅಡಿಟಿಪ್ಪಣಿಯಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ಕೊನೆಗೆ ಶತ್ರುವಿನ ಗುಟ್ಟು ತಿಳಿಯಲೆಂದು, ನೋಟ್‌ಬುಕ್ಕನ್ನು ಓಢಣಿಯಲ್ಲಿ ಮುಚ್ಚಿಕೊಂಡು ಗಿರಾಕಿಯ ಸೋಗಿನಲ್ಲಿ ಎದುರಂಗಡಿಗೆ ಹೋದೆ. ಸುರೇಖಾತಾಯಿ ತಲೆ ಎತ್ತಿದವರೇ, "ಶಾಂತಾಬಾಯಿಂಚೀ ಭಾಚೀ ನಾ ತೂ?" ಎಂದರು. ಶಾಂತಾಬಾಯಿಯ ಅಣ್ಣನ ಮಗಳಲ್ಲವೇ ನೀನು! ಓಢಣಿಯೊಳಗಿನ ನೋಟ್‌ಬುಕ್ ಜಾರಿ ಕೆಳಗೆ ಬಿತ್ತು. ಅವರು ಬಿಸಿ ಭಾಕರಿಗೆ ಬೆಣ್ಣೆ ಸವರಿ ಕೈಗಿಟ್ಟು, "ಖಾ, ಮಗ ಲಿಹಿ" ಎಂದು ನಕ್ಕರು. ತಿನ್ನು, ಆಮೇಲೆ ಬರೆ ಎಂದು.

ದಪ್ಪಗೆ, ಮೆತ್ತಗೆ, ಎಷ್ಟು ರುಚಿ! ಅತ್ತೆಗೆ ಅದು ಕೈಹತ್ತಿರಲೇ ಇಲ್ಲ. ಇಲ್ಲಿನವರಿಗೆ ನಮ್ಮದು ಸೇರದೆಂದು ಹೆದರಿ ಹನ್ನೊಂದು ವರ್ಷ ದಪ್ಪ ಭಾಕರಿಯನ್ನೇ ಬಡಿದು ಮಾರುತ್ತಿದ್ದಳು, ಹಪ್ಪಳದಂಥ ಖಡಕ್ ರೊಟ್ಟಿ ಮಾತ್ರ ಮನೆಗೆ. ಪುಸ್ತಕ ಸರಿಯಾಗಿಯೇ ಇತ್ತು. ದಪ್ಪ ಭಾಕರಿಯೂ ಖಡಕ್ ರೊಟ್ಟಿಯೂ ಜೋಳದವೇ ಎಂದು ಎರಡೂ ಒಂದೇ ಸರಕು ಎಂದುಕೊಂಡ ಪೆದ್ದಿ ನಾನು.

"ಅತ್ತಿ, ನಮ್ಮ ಖಡಕ್ ರೊಟ್ಟೀನ ಮಾರು. ರೇಟ್ ಏರಸು."

"ಹುಚ್ಚ ಹಿಡದೈತೇನ? ಮಂದಿ ಹಲ್ಲ ಮುರಕೋತಾರ."

ಯಾರ ಹಲ್ಲೂ ಮುರಿಯಲಿಲ್ಲ. ಹತ್ತಿರದ ಶಹಾಡ್‌ನ ಕಾರ್ಖಾನೆಗಳಲ್ಲಿ ದುಡಿಯುವ ಕಲಬುರಗಿ ಮಂದಿ ರಜೆಯ ದಿನ ಹುಡುಕಿಕೊಂಡು ಬಂದು ಗಂಟುಗಟ್ಟಲೆ ಒಯ್ದರು. ಬಹಳ ದಿನ ಕೆಡುವುದಿಲ್ಲವೆಂದು ಆಫೀಸಿಗೆ ಹೋಗುವ ಮರಾಠಿ ಹೆಂಗಸರೂ ಕೊಂಡರು. ಮೆತ್ತಗಿನದು ಕೇಳಿದವರಿಗೆ ಅತ್ತೆ ಈಗ ಎದುರಂಗಡಿ ತೋರಿಸುತ್ತಾಳೆ, ಖಡಕ್ ಬೇಕೆಂದವರನ್ನು ಸುರೇಖಾತಾಯಿ ಇತ್ತ ಕಳಿಸುತ್ತಾರೆ. ನೀವಿಬ್ಬರೂ ಬೆಲೆ ಮಾತ್ರ ಸೇರಿ ಗೊತ್ತುಮಾಡಬೇಡಿ, ಕಾನೂನಿಗೆ ವಿರುದ್ಧ ಎಂದು ನಾನು ಎಚ್ಚರಿಸಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು. ನನ್ನ ಓದು ಉಳಿಯಿತು.

ದೀಪಾವಳಿ ರಜೆಗೆ ಊರಿಗೆ ಹೋದೆ. ಅವ್ವ ಒಲೆಯ ಮುಂದೆ ಕೂಡಿಸಿಕೊಂಡು ತೆಳ್ಳನೆಯ ಬಿಸಿ ರೊಟ್ಟಿ ಹಾಕಿದಳು. ಎರಡು ತಿಂದೆ. ಮೂರನೆಯದಕ್ಕೆ, "ಅವ್ವಾ, ಇದನ್ನ ಚೂರು ದಪ್ಪ ಬಡಿ," ಎಂದು ಬಾಯಿಂದ ಬಂದುಬಿಟ್ಟಿತು.

ಅವ್ವನ ಕೈ ನಿಂತಿತು. "ಇದ ಯಾರ ಮನಿ ರೂಢಿ?"

"ನಮ್ಮ ಗಲ್ಲೀದು," ಎಂದೆ.

ಡೊಂಬಿವಲಿಯ ಗಲ್ಲಿಗೆ ಆಗಲೇ ‘ನಮ್ಮ’ ಎಂದುಬಿಟ್ಟಿದ್ದೆ. ನನಗೆ ಖುಷಿಯೂ ಆಯಿತು, ತಪ್ಪು ಮಾಡಿದ ಹಾಗೂ ಆಯಿತು. ಅವ್ವ ಉಂಡೆಗೆ ಇನ್ನಷ್ಟು ಹಿಟ್ಟು ಸೇರಿಸಿ ಬಡಿಯತೊಡಗಿದಳು.