ಬ್ರಿಜೆಟ್ಟಮ್ಮನನ್ನು ಕೊಂದವರು

ಹೋದ ತಿಂಗಳು ನಾನು, ನಾವಿರುವ ಲಿಯಾಂಡರಿನ ಲೈಬ್ರರಿಯಲ್ಲಿ ಜಗಳ ಆಡಿದೆ. ಆಸ್ಟಿನ್ನಿನ ಕಂಪನಿಯೊಂದರಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆ ಚಾಳಿಯನ್ನು ಆಫೀಸಿನಲ್ಲೇ ಬಿಟ್ಟು ಬರಬೇಕೆಂದು ಮನೆಯವರೆಲ್ಲ ಹೇಳುತ್ತಾರೆ. ಆದರೆ ಜಗಳದ ಕಾರಣ ಕೇಳಿದರೆ ನೀವೂ ನನ್ನ ಪಕ್ಕದಲ್ಲಿ ನಿಂತು ಎರಡು ಮಾತು ಸೇರಿಸುತ್ತಿದ್ದಿರಿ. ಅವರು ನನ್ನ ಬ್ರಿಜೆಟ್ಟಮ್ಮನನ್ನು ಕಪಾಟಿನಿಂದ ಕಿತ್ತುಹಾಕಿದ್ದರು!

ಬ್ರಿಜೆಟ್ ಐರ್ಲೆಂಡಿನ ಕಾದಂಬರಿಕಾರ್ತಿ. ಪೂರ್ತಿ ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ಅವಳ ಊರಿನವರಿಗೇ ಗೊತ್ತಿಲ್ಲ. ‘ಅಮ್ಮ’ ಎಂದು ಸೇರಿಸಿದ್ದು ನಾನು. ಲಂಡನ್ನಿನ ಮೇಲೆ ಜರ್ಮನ್ ವಿಮಾನಗಳು ಬಾಂಬು ಸುರಿಯುತ್ತಿದ್ದ ಕಾಲದಲ್ಲಿ ಅವಳು ಅಲ್ಲಿಯ ರೇಷನ್ ಕಚೇರಿಯಲ್ಲಿ ಗುಮಾಸ್ತೆ. ಊಟದ ಬಿಡುವಿನಲ್ಲಿ, ರದ್ದಾದ ಅರ್ಜಿಗಳ ಹಿಂಬದಿಯಲ್ಲಿ ಕಾದಂಬರಿ ಬರೆದಳು. ಮೊದಲನೆಯದು ಪ್ರಕಾಶಕರ ಗೋದಾಮಿನೊಂದಿಗೆ ಸುಟ್ಟು ಬೂದಿಯಾಯಿತು. ಎಂಥವಳೂ ಕೈಚೆಲ್ಲಿ ಕೂರುತ್ತಿದ್ದಳು. ಇವಳು ಎರಡನೆಯದು ಬರೆದಳು. ಕಾಗದದ ಬರ, ಹಾಗಾಗಿ ಅಕ್ಷರಗಳು ಸಾಸಿವೆ ಕಾಳಿನಷ್ಟು. ಹುಟ್ಟೂರಿನವರು ಅವಳನ್ನು ಇಂಗ್ಲಿಷರ ಪಾಲಾದವಳು ಎಂದರು. ಇಂಗ್ಲಿಷರು, ಯುದ್ಧಕ್ಕೆ ಸೇರದೆ ದೂರ ಕೂತ ದೇಶದವಳು ಎಂದು ಮುಖ ತಿರುಗಿಸಿದರು. ವಿಮರ್ಶಕನೊಬ್ಬ ಕಾದಂಬರಿಗಿಂತ ಹೆಚ್ಚಾಗಿ ಅವಳ ಟೋಪಿಯ ಬಗ್ಗೆ ಬರೆದನಂತೆ. ಪುಸ್ತಕದ ಮುನ್ನುಡಿಯಲ್ಲಿ ಇದನ್ನೆಲ್ಲ ಓದಿದಾಗಿನಿಂದ ಆ ಟೋಪಿಯ ಮನುಷ್ಯನ ಮೇಲೆ ನನಗೆ ಹಲ್ಲು ಕಡಿಯುವಷ್ಟು ಕೋಪ.

ಉಳಿದ ಆ ಒಂದು ಕಾದಂಬರಿಯನ್ನು ನಾನು ಕನ್ನಡಕ್ಕೆ ತರುತ್ತಿದ್ದೆ. ಎರಡು ವರ್ಷದಿಂದ ಪ್ರತಿ ಶನಿವಾರ ಬೆಳಿಗ್ಗೆ, ಲೈಬ್ರರಿಯ ಕಿಟಕಿ ಪಕ್ಕದ ಮೇಜು. ಮನೆಗೆ ತಂದರೆ ಒಂದೋ ಲ್ಯಾಪ್‌ಟಾಪ್ ಕರೆಯುತ್ತದೆ, ಇಲ್ಲವೇ ಕುಕ್ಕರ್ ಕರೆಯುತ್ತದೆ. ಕಾದಂಬರಿಯಲ್ಲಿರುವುದು ಲಂಡನ್ನಿನ ಒಂದೇ ಕೋಣೆಯಲ್ಲಿ ಬದುಕುವ ಐರಿಷ್ ಅಕ್ಕತಂಗಿಯರ ಕಥೆ. ಅಕ್ಕ ಊರಿಗೆ ಮರಳೋಣ ಅನ್ನುತ್ತಾಳೆ, ತಂಗಿ ಒಲ್ಲೆ ಅನ್ನುತ್ತಾಳೆ. ತಂಗಿ ಕೊನೆಗೆ ಏನು ಮಾಡುತ್ತಾಳೆಂದು ನಾನು ಮುಂದೆ ತಿರುವಿ ನೋಡಿರಲಿಲ್ಲ, ಅನುವಾದ ಮಾಡುತ್ತಲೇ ತಿಳಿಯಬೇಕೆಂಬ ಹಟ. ಕ್ಯಾರಲ್ಟನ್ನಿನಲ್ಲಿ ಸೇರುವ ನಮ್ಮ ಕನ್ನಡಿಗರ ಪುಸ್ತಕ ಬಳಗದಲ್ಲಿ ಒಂದು ಅಧ್ಯಾಯ ಓದಿದ್ದೆ. ಬಿಸಿಬೇಳೆ ಬಾತ್ ಆದ ಮೇಲೆ, ಅಂತ್ಯಾಕ್ಷರಿಗೆ ಮುಂಚೆ, ಹತ್ತು ನಿಮಿಷ ಕೊಟ್ಟಿದ್ದರು. ಓದಿ ಮುಗಿಸಿದಾಗ ಅಂಕಲ್ ಒಬ್ಬರು ಆಕಳಿಸುತ್ತ, “ಯುದ್ಧದ ಕಾದಂಬರಿ ಅಂತೀರಿ, ಒಂದು ಗುಂಡೂ ಹಾರ್ಲಿಲ್ವಲ್ಲಮ್ಮ? ಬರೀ ಈರುಳ್ಳಿ ಕ್ಯೂ!” ಅಂದರು. ಈರುಳ್ಳಿ ಕ್ಯೂನಲ್ಲಿ ನಿಂತವರೇ ಯುದ್ಧ ಉಂಡವರು ಅಂಕಲ್ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅಂತ್ಯಾಕ್ಷರಿ ಶುರುವಾಗಿತ್ತು.

ಹನ್ನೊಂದು ಅಧ್ಯಾಯ ಮುಗಿದಿತ್ತು, ಇನ್ನು ಎರಡೇ ಬಾಕಿ. ಆ ಶನಿವಾರ ಹೋಗಿ ನೋಡಿದರೆ ಕಪಾಟಿನಲ್ಲಿ ಪುಸ್ತಕವಿದ್ದ ಸಂದಿಯೂ ಮುಚ್ಚಿಹೋಗಿತ್ತು. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ, ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕಗಳನ್ನು ತೆಗೆಯುತ್ತೇವೆ, ಇದನ್ನು ಒಬ್ಬರೂ ಓದಿಲ್ಲ, ಹಳೆ ಪುಸ್ತಕದ ಮಾರಾಟದಲ್ಲಿ ಯಾರೋ ಒಯ್ದಾಯಿತು ಎಂದಳು. ಒಬ್ಬರೂ ಓದಿಲ್ಲ! ಎರಡು ವರ್ಷ, ಪ್ರತಿ ಶನಿವಾರ, ನಿಮ್ಮ ಕಣ್ಣೆದುರೇ ಕೂತು ಓದಿದ ನಾನೇನು ದೆವ್ವವೇ? ಕೇಳಿಯೇಬಿಟ್ಟೆ, ಸ್ವಲ್ಪ ಜೋರಾಗಿಯೇ.

ಆಕೆ ತಾಳ್ಮೆಯಿಂದ ಕೇಳಿದಳು: ಓದಿದ ಮೇಲೆ ಪುಸ್ತಕವನ್ನು ಎಲ್ಲಿಡುತ್ತಿದ್ದಿರಿ?

ಎಲ್ಲಿ ಅಂದರೆ? ನಾನು ಮೈಸೂರಿನವಳು. ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು, ತೆಗೆದ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿ ಬರುತ್ತಿದ್ದೆ.

ಆಕೆ ನಾನು ಕೂರುತ್ತಿದ್ದ ಮೇಜಿನತ್ತ ಕೈ ತೋರಿಸಿದಳು. ಓದಿದ ಪುಸ್ತಕ ಇಲ್ಲೇ ಬಿಡಿ, ದಯವಿಟ್ಟು ಕಪಾಟಿಗೆ ಇಡಬೇಡಿ ಎಂಬ ಫಲಕ ಅಲ್ಲಿತ್ತು. ಮೇಜಿನ ಮೇಲೆ ಬಿಟ್ಟದ್ದನ್ನು ಸ್ಕ್ಯಾನ್ ಮಾಡಿ, ಓದಿದ್ದಾರೆ ಎಂದು ಬರೆದುಕೊಳ್ಳುತ್ತಾರಂತೆ. ಫಲಕವನ್ನು ನಾನು ನೋಡದೆ ಇರಲಿಲ್ಲ. ನೂರಾರು ಸಲ ನೋಡಿದ್ದೆ. ನಮ್ಮ ಮನೆಗಳಲ್ಲಿ “ಪರವಾಗಿಲ್ಲ, ಚಪ್ಪಲಿ ಹಾಕ್ಕೊಂಡೇ ಬನ್ನಿ” ಅನ್ನುತ್ತೇವಲ್ಲ, ಅಂಥ ಉಪಚಾರದ ಮಾತು ಅಂದುಕೊಂಡಿದ್ದೆ. ಮರ್ಯಾದಸ್ಥರು ಹಾಗೆಲ್ಲ ಮಾಡುತ್ತಾರೆಯೇ?

ಕಾರಿನಲ್ಲಿ ಕೂತು ಸ್ಟೀರಿಂಗ್ ಗುದ್ದಿದೆ. ಬಾಂಬಿಗೆ ಬಗ್ಗದವಳನ್ನು, ಟೋಪಿ ವಿಮರ್ಶಕನಿಗೂ ಜಗ್ಗದವಳನ್ನು, ನನ್ನ ಒಳ್ಳೆಯ ನಡತೆ ಮುಗಿಸಿತ್ತು. ಸೂಚನೆ ಓದದ ಬಳಕೆದಾರರನ್ನು ಆಫೀಸಿನಲ್ಲಿ ದಿನಾ ಬಯ್ಯುವವಳು ನಾನು. ಹಾಗೆಂದು ಆ ಕಂಪ್ಯೂಟರನ್ನು ಕ್ಷಮಿಸಿದೆ ಎಂದು ತಿಳಿಯಬೇಡಿ. ಅಚ್ಚುಕಟ್ಟಾಗಿ ಓದಿದವರು ಓದಿದವರೇ ಅಲ್ಲ ಅನ್ನುವ ಲೆಕ್ಕ ಯಾವ ಸೀಮೆಯ ಲೆಕ್ಕ?

ಪುಸ್ತಕ ಎಲ್ಲೂ ಸಿಗುವಂತಿರಲಿಲ್ಲ. ಕೊನೆಗೆ ಕ್ಯಾರಲ್ಟನ್ನಿನ ಗೆಳತಿ ವನಜಾ ಹುಡುಕಿ ಹುಡುಕಿ, ಹ್ಯೂಸ್ಟನ್ನಿನ ಕಾಲೇಜೊಂದರ ಲೈಬ್ರರಿಯಲ್ಲಿ ಒಂದು ಪ್ರತಿ ಇದೆ, ಹೊರಗಿನವರು ಅಲ್ಲೇ ಕೂತು ಓದಬಹುದು ಎಂದು ಫೋನ್ ಮಾಡಿದಳು. ನನ್ನ ಗಂಡ ಗುರುರಾಜ ಧಾರವಾಡದವರು. ಈ ಜಗಳದ ಪುರಾಣವನ್ನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದವರು, “ನಡಿ, ಅಲ್ಲೇ ಬಾಜೂಕ ಸೈಪ್ರೆಸ್‌ನಾಗ ನಮ್ಮ ಕಾಕಾನ ಮಗನ ಮನಿ ಐತಿ, ಎರಡು ದಿನ ಇದ್ದು ಬರೋಣು” ಎಂದು ಡ್ರೈವ್ ಮಾಡಿಕೊಂಡು ಕರೆದೊಯ್ದರು.

ಎರಡು ದಿನ ಕೂತೆ. ಅವರು ಎದುರಿಗೆ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಕೊನೆಯ ಪುಟದಲ್ಲಿ ಅಕ್ಕ ಹಡಗು ಹತ್ತಿದ ಮರುದಿನ, ತಂಗಿ ಒಬ್ಬಳೇ ಈರುಳ್ಳಿ ಕ್ಯೂನಲ್ಲಿ ನಿಂತಿದ್ದಾಳೆ. ಹಿಂದೆ ನಿಂತ ಮುದುಕಿ, ನೀನು ಎಲ್ಲಿಯವಳಮ್ಮ ಎಂದು ಕೇಳುತ್ತಾಳೆ. ತಂಗಿ ಹಿಂದೆ ಮುಂದೆ ನೋಡಿ, ಈ ಕ್ಯೂನವಳು ಅನ್ನುತ್ತಾಳೆ. ಅಷ್ಟೇ. ಕಾದಂಬರಿ ಮುಗಿಯಿತು. ಈ ದೇಶಕ್ಕೆ ಬಂದು ಇಪ್ಪತ್ತೆಂಟು ವರ್ಷವಾದರೂ ಆ ಪ್ರಶ್ನೆಗೆ ತಡವರಿಸುವ ನಾನು, ಕನ್ನಡದಲ್ಲಿ ಆ ಮಾತು ಬರೆದು ಅಲ್ಲೇ ಅತ್ತುಬಿಟ್ಟೆ.

ಮೂಗು ಒರೆಸಿಕೊಂಡು ಎದ್ದೆ. ಅಲ್ಲಿಯ ಮೇಜಿನ ಮೇಲೂ ಅದೇ ಫಲಕವಿತ್ತು, ಪುಸ್ತಕವನ್ನು ಅದರ ಪಕ್ಕ ತೆರೆದೇ ಬಿಟ್ಟೆ. ಎತ್ತಿಡಲು ಕೈ ಕಡಿಯುತ್ತಿತ್ತು, ಆದರೂ ಬಿಟ್ಟೆ. ಬಾಗಿಲವರೆಗೆ ನಡೆದು ತಿರುಗಿ ನೋಡಿದರೆ ಗಂಡ ಹಿಂದೆ ಇಲ್ಲ. ಕಪಾಟಿನ ಮುಂದೆ ನಿಂತು, ಬ್ರಿಜೆಟ್ಟಮ್ಮನ ಧೂಳು ಒರೆಸಿ, ನೆಟ್ಟಗೆ ನಿಲ್ಲಿಸುತ್ತಿದ್ದಾರೆ!

“ರೀ! ಮುಟ್ಟಬೇಡ್ರೀ ಅದನ್ನ!”

ಇಡೀ ಲೈಬ್ರರಿ ತಲೆ ಎತ್ತಿತು. “ಯಾಕ? ತಗದಲ್ಲೇ ಇಟ್ಟೀನಲ್ಲ, ಮತ್ತ್ಯಾಕ ಸಿಟ್ಟಿಗೇಳ್ತಿ?” ಎಂದರು, ಹೊಗಳಿಸಿಕೊಳ್ಳಲು ಕಾದವರ ಮುಖದಲ್ಲಿ. ನಾನು ಪುಸ್ತಕವನ್ನು ಕಿತ್ತುಕೊಂಡೆ. ಅದರ ಆಚೀಚೆ ಯಾರೂ ಮುಟ್ಟದ ಹಾಗೆ ನಿಂತಿದ್ದ ನಾಲ್ಕಾರು ಪುಸ್ತಕಗಳನ್ನೂ ಎಳೆದುಕೊಂಡೆ. ಎಲ್ಲವನ್ನೂ ಮೇಜಿನ ಮೇಲೆ ಹರವಿದೆ.

“ಹಿಂಗ ಹರವಿ ಹೋದ್ರ ಮಂದಿ ಏನಂದಾರು?”

“ಅನ್ನಲಿ,” ಎಂದೆ. “ಇಲ್ಲಿ ಯಾರೋ ಓದ್ತಾ ಕೂತಿದ್ರು ಅನ್ನಲಿ.”